ಮುನ್ನೂರು ಯಜಮಾನರ ಪೇಟೆಯನ್ನು ನೋಡಿಕೊಳ್ಳುವವರು ಯಾರು?

ಒಂದು ಕಾಲಕ್ಕೆ ಕಾಲಿಡಲು ಜಾಗ ಸಿಗದಿದ್ದ ಪೇಟೆ ಬೀದಿ. ಈಗ ಸಾಲಾಗಿ ನಾಲ್ಕು ಅಂಗಡಿಗಳ ಷಟರ್ ಇಳಿದಿದೆ. ‘ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಬಣ್ಣವೂ ಮಾಸಿದೆ. ಜಗತ್ತಿನ ಎಷ್ಟೋ ನಗರಗಳ ನಡುಭಾಗ ಇವತ್ತು ಹೀಗೇ ಕಾಣುತ್ತದೆ. ಮೊದಲು ಮಾಲ್‌ಗಳು ಬಂದವು, ಆಮೇಲೆ ಆನ್‌ಲೈನ್ ಖರೀದಿ ಬಂತು. ಕೋವಿಡ್ ನಂತರ ಮನೆಯಿಂದಲೇ ಕೆಲಸ ಮಾಡುವ ರೂಢಿ ಬೆಳೆದು, ಪೇಟೆಯ ಆಫೀಸುಗಳಿಗೆ ದಿನಾ ಬರುತ್ತಿದ್ದವರೂ ಕಡಿಮೆಯಾದರು.

ಹೀಗಾದಾಗಲೆಲ್ಲ ಸುದ್ದಿಯಲ್ಲಿ ಒಂದಷ್ಟು ಹೆಸರು ಕೇಳಿಬರುತ್ತವೆ. ಡೌನ್‌ಟೌನ್ ಸಂಘ, ಪ್ರವಾಸಿ ಮಂಡಳಿ, ಕಲಾ ಮಂಡಳಿ, ಸೃಜನಶೀಲ ಆರ್ಥಿಕತೆ. ಇವರೆಲ್ಲ ಯಾರು? ಸರ್ಕಾರದವರಾ, ಖಾಸಗಿಯವರಾ? ಇವರಿಗೆ ದುಡ್ಡು ಕೊಡುವವರು ಯಾರು? ಬೀದಿಗೆ ದೀಪ ಹಾಕಿ ಒಂದು ಉತ್ಸವ ಮಾಡಿಬಿಟ್ಟರೆ ಪೇಟೆ ಎದ್ದು ಕೂರುತ್ತದಾ? ಬುಡದಿಂದಲೇ ನೋಡೋಣ.

## ಮಾಲ್‌ಗೆ ಇರುವುದು, ಪೇಟೆಗೆ ಇಲ್ಲದ್ದು

ಡೌನ್‌ಟೌನ್ ಎಂದರೆ ನಗರದ ಹಳೆಯ ನಡುಭಾಗ. ಅಂಗಡಿ, ಬ್ಯಾಂಕು, ಕಚೇರಿ, ಥಿಯೇಟರ್, ಮಾರುಕಟ್ಟೆ ಎಲ್ಲ ಒತ್ತೊತ್ತಾಗಿ ಬೆಳೆದ ಜಾಗ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪೇಟೆ.

ಪೇಟೆಯ ಕಷ್ಟ ಏನು ಅಂತ ತಿಳಿಯಲು ಮಾಲ್ ಅನ್ನು ಪಕ್ಕದಲ್ಲಿಟ್ಟು ನೋಡುವುದು ಸುಲಭ. 1956ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಇಡೈನಾದಲ್ಲಿ ಸೌತ್‌ಡೇಲ್ ಎಂಬ ಮಾಲ್ ತೆರೆಯಿತು. ಪೂರ್ತಿ ಮಾಡಿನ ಕೆಳಗೆ, ಹವಾನಿಯಂತ್ರಣದ ಜೊತೆ ಕಟ್ಟಿದ ಮೊದಲ ಮಾಲ್ ಅದು. ಅದರ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ವಿಯೆನ್ನಾದಿಂದ ಬಂದವರು. ಅಲ್ಲಿನ ಪೇಟೆಯಂಥದ್ದೇ ಒಂದು ಜಾಗವನ್ನು ಚಳಿ ಗಾಳಿ ತಾಗದಂತೆ ಕಟ್ಟಬೇಕು ಎಂಬುದು ಅವರ ಆಸೆ. ಆದರೆ ಇಂಥ ಮಾಲ್‌ಗಳು ಊರಿಂದೂರಿಗೆ ಹಬ್ಬಿದಂತೆ ಪೆಟ್ಟು ಬಿದ್ದಿದ್ದು ನಿಜವಾದ ಪೇಟೆಗಳಿಗೆ.

ಮಾಲ್‌ಗೆ ಯಜಮಾನ ಒಬ್ಬನೇ. ಯಾವ ಅಂಗಡಿಯ ಪಕ್ಕ ಯಾವ ಅಂಗಡಿ ಇರಬೇಕು, ಬಾಗಿಲು ಎಷ್ಟು ಗಂಟೆಗೆ ತೆಗೆಯಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು, ಜಾಹೀರಾತಿಗೆ ಎಷ್ಟು ಖರ್ಚು ಮಾಡಬೇಕು, ಎಲ್ಲ ಅವನೇ ತೀರ್ಮಾನ ಮಾಡುತ್ತಾನೆ. ಗುಡಿಸುವ, ಕಾವಲು ಕಾಯುವ ಖರ್ಚನ್ನು ಬಾಡಿಗೆಯ ಜೊತೆಗೇ ಅಂಗಡಿಯವರಿಂದ ವಸೂಲಿ ಮಾಡುತ್ತಾನೆ.

ಪೇಟೆಯಲ್ಲಿ ಮುನ್ನೂರು ಯಜಮಾನರು ಇದ್ದಾರೆ ಅಂದುಕೊಳ್ಳಿ. ಒಬ್ಬರು ಆರಕ್ಕೆ ಬಾಗಿಲು ಹಾಕುತ್ತಾರೆ, ಪಕ್ಕದವರು ಒಂಬತ್ತಕ್ಕೆ. ಒಂದು ಕಟ್ಟಡದ ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಕಟ್ಟಡ ಸುಮ್ನೆ ಬಿದ್ದಿದೆ. ಇನ್ನೊಂದು ಕಟ್ಟಡ ಅಣ್ಣ ತಮ್ಮಂದಿರ ಕೇಸಿನಲ್ಲಿ ಸಿಕ್ಕಿಕೊಂಡಿದೆ. ನಗರಪಾಲಿಕೆ ರಸ್ತೆ ಹಾಕುತ್ತದೆ, ಕಸ ಎತ್ತುತ್ತದೆ. ಆದರೆ ಅದಕ್ಕೆ ಇಡೀ ನಗರದ ಜವಾಬ್ದಾರಿ ಇದೆ. ಒಂದು ಬೀದಿಗೆ ಜನ ಬರುತ್ತಾರಾ ಇಲ್ಲವಾ ಅಂತ ಪ್ರತಿದಿನ ತಲೆ ಕೆಡಿಸಿಕೊಳ್ಳುವುದು ಅದರ ಕೆಲಸ ಅಲ್ಲ, ಒಬ್ಬ ಅಂಗಡಿಯವರ ಕೈಯಲ್ಲಿ ಆಗುವಂಥದ್ದೂ ಅಲ್ಲ. ಈ ನಡುವಿನ ಕೆಲಸಕ್ಕೆ ಹುಟ್ಟಿಕೊಂಡಿದ್ದೇ ಡೌನ್‌ಟೌನ್ ಸಂಘದಂಥ ಸಂಘಟನೆಗಳು. ಮಾಲ್‌ನಲ್ಲಿ ಒಬ್ಬ ಅಪ್ಪಣೆ ಕೊಟ್ಟು ಮಾಡಿಸುವುದನ್ನು ಇವರು ಮುನ್ನೂರು ಜನರನ್ನು ಒಪ್ಪಿಸಿ ಮಾಡಿಸಬೇಕು. ಇವರ ಕಷ್ಟಗಳೆಲ್ಲ ಹುಟ್ಟುವುದು ಈ ಒಪ್ಪಿಸುವ ಕೆಲಸದಲ್ಲಿ.

## ದುಡ್ಡು ಎಲ್ಲಿಂದ ಬರುತ್ತದೆ?

ನೂರು ಅಂಗಡಿಯವರು ಸೇರಿ ಬೀದಿಗೆ ಒಳ್ಳೆಯ ದೀಪ ಹಾಕಿಸಬೇಕು ಅಂತ ತೀರ್ಮಾನ ಮಾಡುತ್ತಾರೆ. ಅರವತ್ತು ಜನ ದುಡ್ಡು ಕೊಡುತ್ತಾರೆ, ನಲವತ್ತು ಜನ ಕೊಡುವುದಿಲ್ಲ. ದೀಪ ಹತ್ತಿದ ಮೇಲೆ ಬೆಳಕು ನೂರೂ ಅಂಗಡಿಗಳ ಮುಂದೆ ಬೀಳುತ್ತದೆ. ಮುಂದಿನ ವರ್ಷ ಆ ಅರವತ್ತರಲ್ಲಿ ಇಪ್ಪತ್ತು ಜನ ‘ನಾವ್ಯಾಕೆ ಕೊಡಬೇಕು?’ ಅನ್ನುತ್ತಾರೆ. ಮೂರನೇ ವರ್ಷಕ್ಕೆ ಸಂಘವೇ ಇರುವುದಿಲ್ಲ. ಚಂದಾ ಎತ್ತಿ ನಡೆಸುವ ಯಾವ ಕೆಲಸದಲ್ಲಿ ಕೈ ಹಾಕಿದವರಿಗೂ ಇದು ಗೊತ್ತಿರುವ ಕಥೆ.

ಕೆನಡಾದ ಟೊರಾಂಟೊದಲ್ಲಿ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಬೀದಿಯ ವ್ಯಾಪಾರಿಗಳಿಗೂ ಇದೇ ಆಯಿತು. ಒಂದು ಕಡೆ ಹೊಸ ಮಾಲ್‌ಗಳ ಪೈಪೋಟಿ. ಇನ್ನೊಂದು ಕಡೆ ಬೀದಿಯಲ್ಲಿ ಓಡುತ್ತಿದ್ದ ಟ್ರಾಮ್ ನಿಂತು ಸುರಂಗ ರೈಲು ಬಂತು. ಮೊದಲು ಅಂಗಡಿಗಳನ್ನು ನೋಡುತ್ತಾ ಹೋಗುತ್ತಿದ್ದ ಜನ ಈಗ ನೆಲದ ಕೆಳಗೇ ದಾಟಿ ಹೋದರು. ಸ್ವಂತ ಇಷ್ಟದ ಚಂದಾ ಸಾಲಲಿಲ್ಲ. ಆಗ ವ್ಯಾಪಾರಿಗಳು ಸರ್ಕಾರದ ಮುಂದೆ ಒಂದು ಬೇಡಿಕೆ ಇಟ್ಟರು: ನಮ್ಮ ಬೀದಿಯ ಎಲ್ಲರ ಮೇಲೂ ಸಣ್ಣ ಹೆಚ್ಚುವರಿ ತೆರಿಗೆ ಹಾಕಿ, ಅದನ್ನು ನಮ್ಮ ಬೀದಿಗೇ ಖರ್ಚು ಮಾಡಲು ಕೊಡಿ. ವ್ಯಾಪಾರಿಗಳೇ ಬಂದು ತೆರಿಗೆ ಹಾಕಿ ಅಂತ ಕೇಳುವುದು ದಿನಾ ನಡೆಯುವ ಮಾತಲ್ಲ ಅಲ್ವಾ! ಅದಕ್ಕೆ ಕಾನೂನು ತಿದ್ದುಪಡಿಯಾಗಿ, 1970ರಲ್ಲಿ ಜಗತ್ತಿನ ಮೊದಲ ‘ವ್ಯಾಪಾರ ಸುಧಾರಣಾ ಪ್ರದೇಶ’ ಅಲ್ಲಿ ಶುರುವಾಯಿತು. ಈಗ ಟೊರಾಂಟೊ ಒಂದರಲ್ಲೇ ಇಂಥ 80ಕ್ಕೂ ಹೆಚ್ಚು ಪ್ರದೇಶಗಳಿವೆ. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಇದನ್ನೇ ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್, ಚಿಕ್ಕದಾಗಿ ‘ಬಿಡ್’ ಅನ್ನುತ್ತಾರೆ.

ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ. ಲಿಫ್ಟ್ ಬಳಸದ ನೆಲಮಹಡಿಯವರೂ ಮೇಂಟೆನೆನ್ಸ್ ಕೊಡಬೇಕು, ಯಾಕೆಂದರೆ ಕಟ್ಟಡ ಎಲ್ಲರದೂ. ಹಾಗೆಯೇ ಒಂದು ಗೆರೆ ಎಳೆದು, ಅದರೊಳಗೆ ಬರುವ ಎಲ್ಲ ಆಸ್ತಿ ಅಥವಾ ಅಂಗಡಿಗಳ ಮೇಲೆ ಶುಲ್ಕ ಹಾಕುತ್ತಾರೆ. ಆಸ್ತಿಯ ಮೌಲ್ಯ ನೋಡಿಯೋ, ವಿಸ್ತೀರ್ಣ ನೋಡಿಯೋ, ಬೀದಿಗೆ ಚಾಚಿದ ಅಗಲ ನೋಡಿಯೋ ಅದನ್ನು ಲೆಕ್ಕ ಹಾಕುತ್ತಾರೆ. ವಸೂಲಿ ಮಾಡುವುದು ಸಾಮಾನ್ಯವಾಗಿ ಸ್ಥಳೀಯ ಆಡಳಿತ, ಖರ್ಚು ಮಾಡುವುದು ಸಂಘ.

ಬ್ರಿಟನ್ನಿನ ಮೊದಲ ಬಿಡ್ 2005ರಲ್ಲಿ ಕಿಂಗ್‌ಸ್ಟನ್ ಅಪಾನ್ ಥೇಮ್ಸ್‌ನಲ್ಲಿ ಶುರುವಾಯಿತು. ಅಲ್ಲಿನ ನಿಯಮದಲ್ಲಿ ನನಗೆ ತುಂಬ ಹಿಡಿಸಿದ ಒಂದು ವಿಷಯ ಇದೆ. ಶುಲ್ಕ ಹಾಕಬೇಕಾದರೆ ಮತದಾನ ಆಗಬೇಕು, ಮತ್ತು ಎರಡು ರೀತಿಯಲ್ಲಿ ಗೆಲ್ಲಬೇಕು. ಮತ ಹಾಕಿದವರ ತಲೆ ಎಣಿಸಿದಾಗಲೂ ಬಹುಮತ ಬರಬೇಕು, ಅವರ ಆಸ್ತಿ ಮೌಲ್ಯ ಕೂಡಿಸಿದಾಗಲೂ ಬಹುಮತ ಬರಬೇಕು. ಹಾಗಾಗಿ ದೊಡ್ಡ ಅಂಗಡಿಗಳು ಸೇರಿಕೊಂಡು ಸಣ್ಣವರ ಮೇಲೆ ಹೊರಿಸುವಂತಿಲ್ಲ, ಸಣ್ಣವರು ಸೇರಿ ದೊಡ್ಡವರ ಮೇಲೆ ಹೊರಿಸುವಂತಿಲ್ಲ. ಅದರ ಆಯುಷ್ಯವೂ ಹೆಚ್ಚೆಂದರೆ ಐದು ವರ್ಷ. ಮುಂದುವರಿಸಬೇಕಾದರೆ ಮತ್ತೆ ಮತ ಕೇಳಬೇಕು.

## ಆ ದುಡ್ಡಿನಲ್ಲಿ ಏನು ಮಾಡುತ್ತಾರೆ?

ಮೊದಲ ಖರ್ಚು ಬಹುಪಾಲು ಕಡೆ ಪೊರಕೆಗೆ. ಪಾಲಿಕೆಯವರು ಗುಡಿಸಿ ಹೋದ ಮೇಲೆ ಇನ್ನೊಂದು ಸಲ ಗುಡಿಸುವುದು, ಗೋಡೆಯ ಗೀಚುಬರಹ ತೊಳೆಯುವುದು, ದಾರಿ ಕೇಳಿದವರಿಗೆ ದಾರಿ ತೋರಿಸಲು ಸಮವಸ್ತ್ರದಲ್ಲಿ ಜನರನ್ನು ನಿಲ್ಲಿಸುವುದು. ಇದು ಫೋಟೋದಲ್ಲಿ ಚೆನ್ನಾಗಿ ಕಾಣುವ ಕೆಲಸ ಅಲ್ಲ. ಆದರೆ ಕೊಳಕಾದ, ಕತ್ತಲಾದ ಬೀದಿಗೆ ಎಷ್ಟು ಜಾಹೀರಾತು ಹಾಕಿದರೂ ಒಂದು ಸಲ ಬಂದವರು ಎರಡನೇ ಸಲ ಬರುವುದಿಲ್ಲ.

ಅಮೆರಿಕದ ಸಣ್ಣ ಊರುಗಳಲ್ಲಿ ಇದನ್ನು ಒಂದು ಪದ್ಧತಿಯಾಗಿಯೇ ಕಟ್ಟಿದರು. ಹಳೆಯ ಕಟ್ಟಡಗಳನ್ನು ಉಳಿಸುವ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ 1977ರಲ್ಲಿ ಮೂರು ಊರುಗಳನ್ನು ಆರಿಸಿಕೊಂಡಿತು: ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್. ಒಂದೊಂದು ಊರಿಗೂ ಒಬ್ಬ ಪೂರ್ಣಾವಧಿ ಮ್ಯಾನೇಜರ್ ಇಟ್ಟಿತು. ಮಾಲ್‌ಗೆ ಮ್ಯಾನೇಜರ್ ಇರುವ ಹಾಗೆ ಮುಖ್ಯ ಬೀದಿಗೂ ಒಬ್ಬರು. ಮೇನ್ ಸ್ಟ್ರೀಟ್ ಎಂದು ಹೆಸರಾದ ಈ ಪದ್ಧತಿಯಲ್ಲಿ ನಾಲ್ಕು ಕೆಲಸ ಒಟ್ಟಿಗೇ ನಡೆಯಬೇಕು. ಜನರನ್ನು ಸಂಘಟಿಸಬೇಕು, ಪ್ರಚಾರ ಮಾಡಬೇಕು, ಬೀದಿಯ ನೋಟ ಸರಿಮಾಡಬೇಕು, ವ್ಯಾಪಾರ ಗಟ್ಟಿ ಮಾಡಬೇಕು. ನೋಟ ಸರಿಮಾಡುವುದು ಅಂದರೆ ಹೊಸದು ಕಟ್ಟುವುದೇ ಆಗಬೇಕಿಲ್ಲ. ಆಧುನಿಕವಾಗಿ ಕಾಣಲಿ ಅಂತ ಹಿಂದೆ ಹಳೆಯ ಕಟ್ಟಡಗಳ ಮುಖಕ್ಕೆ ಅಲ್ಯೂಮಿನಿಯಂ ಹಾಳೆ ಹೊಡೆದಿದ್ದರು. ಎಷ್ಟೋ ಕಡೆ ಅದನ್ನು ಬಿಚ್ಚಿದರೆ ಸಾಕಿತ್ತು, ಒಳಗಿನ ಇಟ್ಟಿಗೆಯ ಕೆಲಸ ಹಾಗೇ ಇತ್ತು.

ಸಣ್ಣ ವಿಷಯ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಬ್ರಯಾಂಟ್ ಪಾರ್ಕಿನ ಕುರ್ಚಿ ನೋಡಿ. ನಗರದ ದೊಡ್ಡ ಗ್ರಂಥಾಲಯದ ಹಿಂದಿರುವ ಈ ಪಾರ್ಕು 1970ರ ದಶಕದಲ್ಲಿ ಮಾದಕವಸ್ತು ಮಾರುವವರ ಅಡ್ಡೆಯಾಗಿತ್ತು. ಜನ ಸುತ್ತು ಹಾಕಿ ಹೋಗುತ್ತಿದ್ದರು. ಇದನ್ನು ಸರಿಮಾಡಲು 1980ರಲ್ಲಿ ಒಂದು ಲಾಭರಹಿತ ಸಂಸ್ಥೆ ಹುಟ್ಟಿತು. ಜನ ಬೀದಿಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ವರ್ಷಗಟ್ಟಲೆ ನಿಂತು ನೋಡಿದ್ದ ವಿಲಿಯಂ ವೈಟ್ ಅವರ ಸಲಹೆ ಕೇಳಿದರು. ಪಾರ್ಕಿನ ಬೇಲಿ, ಗಿಡದ ಸಾಲು ಒಳಗಿನದನ್ನು ಮರೆಮಾಡುತ್ತಿವೆ, ಹೊರಗಿನಿಂದ ಒಳಗೆ ಕಾಣುವಂತೆ ತೆರೆಯಿರಿ ಎಂದರು ಅವರು. ಪಾರ್ಕು 1992ರಲ್ಲಿ ಮತ್ತೆ ಬಾಗಿಲು ತೆರೆದಾಗ ಅಲ್ಲಿ ನೆಲಕ್ಕೆ ಹೂತ ಬೆಂಚಿನ ಜೊತೆಗೆ ಹಗುರವಾದ ಹಸಿರು ಮಡಿಚು ಕುರ್ಚಿಗಳೂ ಇದ್ದವು. ಸರಪಳಿ ಇಲ್ಲ, ಬೀಗ ಇಲ್ಲ.

ವೈಟ್ ಗಮನಿಸಿದ್ದ ಒಂದು ಸಂಗತಿ ಇದೆ. ಕೂರುವ ಮೊದಲು ಜನ ಕುರ್ಚಿಯನ್ನು ಒಂದೆರಡು ಇಂಚು ಸರಿಸುತ್ತಾರೆ. ಸರಿಸುವ ಅಗತ್ಯ ಇಲ್ಲದಿದ್ದರೂ ಸರಿಸುತ್ತಾರೆ. ಕೆಲವರು ಸರಿಸಿ, ಮತ್ತೆ ಮೊದಲಿದ್ದ ಜಾಗಕ್ಕೇ ತಂದು ಕೂರುತ್ತಾರೆ. ಆ ಎರಡು ಇಂಚಿನಲ್ಲಿ ಆ ಜಾಗ ಒಂದಿಷ್ಟು ಹೊತ್ತಿಗೆ ಅವರದಾಗುತ್ತದೆ. ಬಿಸಿಲು ಬೇಕಾದವರು ಬಿಸಿಲಿಗೆ, ಒಬ್ಬರೇ ಇರಬೇಕೆನ್ನುವವರು ಮರದ ಬುಡಕ್ಕೆ, ನಾಲ್ಕು ಜನ ಬಂದವರು ವೃತ್ತವಾಗಿ. ಜನ ಕೂತರೆ ಅವರನ್ನು ನೋಡಿ ಇನ್ನಷ್ಟು ಜನ ಕೂರುತ್ತಾರೆ.

## ಪ್ರವಾಸಿಯನ್ನು ಕರೆಯುವವರು

ಡೌನ್‌ಟೌನ್ ಸಂಘಕ್ಕೆ ಬೀದಿಯ ಚಿಂತೆ. ಪ್ರವಾಸಿ ಮಂಡಳಿಗೆ ಹೊರಗಿನಿಂದ ಬರುವವರ ಚಿಂತೆ. ಇದರ ಮೂಲ 1896ರ ಡೆಟ್ರಾಯಿಟ್‌ನಲ್ಲಿದೆ. ಸಮ್ಮೇಳನಗಳಿಗೆ ಅಂತ ಊರಿಗೆ ಬರುವ ಜನ ಎಷ್ಟೊಂದು ಖರ್ಚು ಮಾಡಿ ಹೋಗುತ್ತಾರೆ, ಅವರನ್ನು ಹುಡುಕಿ ಕರೆತರಬಾರದೇಕೆ ಅಂತ ಅಲ್ಲಿನ ಪತ್ರಕರ್ತ ಮಿಲ್ಟನ್ ಕಾರ್‌ಮೈಕಲ್ ಬರೆದರು. ವ್ಯಾಪಾರಿಗಳು ಒಂದಾಗಿ, ಊರೂರು ಸುತ್ತಿ ಸಮ್ಮೇಳನಗಳನ್ನು ತಮ್ಮ ಊರಿಗೆ ತರಲೆಂದೇ ಒಬ್ಬರನ್ನು ಸಂಬಳಕ್ಕೆ ಇಟ್ಟರು.

ಸಮ್ಮೇಳನವೇ ಯಾಕೆ? ಇನ್ನೂರು ವೈದ್ಯರ ಒಂದು ಸಭೆ ಬಂದರೆ ಇನ್ನೂರು ಕೋಣೆಗಳು ಮೂರು ರಾತ್ರಿ ತುಂಬುತ್ತವೆ. ಅದೂ ಹೋಟೆಲ್ ಖಾಲಿ ಇರುವ ದಿನಗಳನ್ನು ನೋಡಿಕೊಂಡು ಕರೆಯಬಹುದು. ವರ್ಷಗಳ ಮೊದಲೇ ಬುಕ್ ಆಗುವುದರಿಂದ ಲೆಕ್ಕವೂ ಗಟ್ಟಿ. ಒಬ್ಬೊಬ್ಬರೇ ಪ್ರವಾಸಿಯನ್ನು ಜಾಹೀರಾತು ಕೊಟ್ಟು ಕರೆಯುವುದಕ್ಕಿಂತ ಇದು ಖಚಿತ.

ಇಂಥ ಮಂಡಳಿಗಳು ನಡೆಯುವುದು ಹೆಚ್ಚಾಗಿ ಹೋಟೆಲ್ ಕೋಣೆಯ ತೆರಿಗೆಯಿಂದ. ಬಿಲ್ಲಿನ ಕೊನೆಯಲ್ಲಿ ಸಣ್ಣದಾಗಿ ಒಂದು ಸಾಲು ಸೇರಿರುತ್ತದಲ್ಲ, ಅದು. ಕೊಡುವವರು ಹೊರಗಿನವರು, ಊರಿನ ಮತದಾರರ ಜೇಬಿಗೆ ಕೈ ಬೀಳುವುದಿಲ್ಲ. ಹಾಗಾಗಿ ರಾಜಕೀಯವಾಗಿ ಇದು ಸುಲಭದ ತೆರಿಗೆ.

ಪ್ರಚಾರಕ್ಕೂ ಶಕ್ತಿ ಇದೆ. 1970ರ ದಶಕದಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಿತ್ತು, ಅಪರಾಧದ ಊರು ಎಂಬ ಹೆಸರೂ ಬಿದ್ದಿತ್ತು. 1977ರಲ್ಲಿ ನ್ಯೂಯಾರ್ಕ್ ರಾಜ್ಯ ಪ್ರವಾಸಿಗರನ್ನು ಕರೆಯಲು ಒಂದು ಪ್ರಚಾರ ಶುರುಮಾಡಿತು. ಅದಕ್ಕೆ ಚಿತ್ರಕಾರ ಮಿಲ್ಟನ್ ಗ್ಲೇಸರ್ ದುಡ್ಡು ತೆಗೆದುಕೊಳ್ಳದೆ ಒಂದು ಗುರುತು ಮಾಡಿಕೊಟ್ಟರು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು, ಕೆಂಪು ಕ್ರೇಯಾನ್‌ನಿಂದ ಒಂದು ಚೂರು ಕಾಗದದ ಮೇಲೆ ಗೀಚಿದ ಮೂರು ಅಕ್ಷರ ಮತ್ತು ಒಂದು ಹೃದಯ: I ♥ NY. ಇವತ್ತಿಗೂ ಅದು ಟೀಶರ್ಟಿನ ಮೇಲೆ ಜಗತ್ತು ಸುತ್ತುತ್ತಿದೆ. ಆದರೆ ಗುರುತು ಜನರನ್ನು ಬಾಗಿಲವರೆಗೆ ಕರೆತರಬಹುದು, ಅಷ್ಟೇ. ಒಳಗೆ ಬಂದವರು ಎರಡು ದಿನ ನಿಲ್ಲಬೇಕಾದರೆ ನೋಡಲು, ಕೇಳಲು, ಮಾಡಲು ಅಲ್ಲಿ ಏನಾದರೂ ಇರಬೇಕು.

## ಸೃಜನಶೀಲ ಆರ್ಥಿಕತೆ ಅಂದರೆ?

ಕಲ್ಪನೆಯೇ ಬಂಡವಾಳವಾಗಿರುವ ಕೆಲಸಗಳ ಒಟ್ಟು ಮೊತ್ತ ಅಂತ ಸರಳವಾಗಿ ಹೇಳಬಹುದು. ಬ್ರಿಟನ್ ಸರ್ಕಾರ 1998ರಲ್ಲಿ ಇಂಥ 13 ಕ್ಷೇತ್ರಗಳನ್ನು ಪಟ್ಟಿ ಮಾಡಿತು. ಸಂಗೀತ, ನಾಟಕ, ಸಿನಿಮಾ, ಪುಸ್ತಕ ಪ್ರಕಾಶನ, ಕರಕುಶಲ ಇದ್ದಂತೆಯೇ ಜಾಹೀರಾತು, ವಾಸ್ತುಶಿಲ್ಪ, ಸಾಫ್ಟ್‌ವೇರ್, ವಿಡಿಯೋ ಗೇಮ್ ಕೂಡ ಅದರಲ್ಲಿದ್ದವು. ಅಲ್ಲಿಯವರೆಗೆ ಕಲೆ ಅಂದರೆ ಸರ್ಕಾರ ಅನುದಾನ ಕೊಟ್ಟು ಸಾಕುವಂಥದ್ದು ಎಂಬ ಭಾವನೆ ಜಾಸ್ತಿ ಇತ್ತು. ಈ ಪಟ್ಟಿ ಅದನ್ನು ಉದ್ಯೋಗ ಕೊಡುವ ಕಸುಬಾಗಿ ಎಣಿಸಿತು. 2004ರಲ್ಲಿ ಯುನೆಸ್ಕೊ ಸೃಜನಶೀಲ ನಗರಗಳ ಜಾಲ ಕಟ್ಟಿತು. ಎಡಿನ್‌ಬರ್ಗ್ ಮೊದಲ ಸಾಹಿತ್ಯ ನಗರವಾಯಿತು. 2023ರಲ್ಲಿ ಕೋಝಿಕೋಡ್ ಕೂಡ ಸಾಹಿತ್ಯ ನಗರಗಳ ಸಾಲಿಗೆ ಸೇರಿತು.

ಇದು ಪೇಟೆಗೆ ಹೇಗೆ ಅಂಟಿಕೊಳ್ಳುತ್ತದೆ? ಬಟ್ಟೆಯನ್ನು ಮನೆಯಿಂದಲೇ ತರಿಸಿಕೊಳ್ಳಬಹುದು. ನಾಟಕ ನೋಡಲು, ಹಾಡು ಕೇಳಲು, ಚಿತ್ರ ಬರೆಯುವವರ ಎದುರು ನಿಂತು ಮಾತಾಡಲು ಹೋಗಲೇಬೇಕು. ಹೋದವರು ಅಲ್ಲೇ ಏನಾದರೂ ತಿನ್ನುತ್ತಾರೆ, ಪಕ್ಕದ ಅಂಗಡಿಗೂ ಇಣುಕುತ್ತಾರೆ.

ಫಿಲಡೆಲ್ಫಿಯಾ 1959ರಲ್ಲೇ ಒಂದು ದಾರಿ ಹಿಡಿದಿತ್ತು. ಕೆಲವು ಬಗೆಯ ಕಟ್ಟಡ ಕಟ್ಟುವವರು ಖರ್ಚಿನ ಶೇಕಡ 1ರಷ್ಟನ್ನು ಸಾರ್ವಜನಿಕ ಕಲೆಗೆ ಮೀಸಲಿಡಬೇಕೆಂದು ನಿಯಮ ಮಾಡಿತು. ಅದೇ ನಗರದಲ್ಲಿ 1984ರಲ್ಲಿ ಗೋಡೆಗೀಚು ತಡೆಯುವ ಕಾರ್ಯಕ್ರಮದ ಒಳಗೆ ಜೇನ್ ಗೋಲ್ಡನ್ ಎಂಬ ಕಲಾವಿದೆ ಗೋಡೆಚಿತ್ರದ ಕೆಲಸ ಶುರುಮಾಡಿದರು. ಗೀಚುತ್ತಿದ್ದ ಹುಡುಗರ ಕೈಗೇ ಬಣ್ಣ ಕೊಟ್ಟರು. ಆಮೇಲೆ ಇವರು ಹಿಡಿದ ವಿಧಾನ ನೋಡಿದರೆ ಖುಷಿಯಾಗುತ್ತದೆ. ಪ್ಯಾರಾಶೂಟ್ ಬಟ್ಟೆ ಎಂದು ಕರೆಯುವ ತೆಳುವಾದ ಬಟ್ಟೆಯ ಚೌಕಗಳ ಮೇಲೆ ಚಿತ್ರದ ಗೆರೆ ಹಾಕಿ, ಯಾವ ಭಾಗಕ್ಕೆ ಯಾವ ಬಣ್ಣ ಅಂತ ಗುರುತು ಮಾಡುತ್ತಾರೆ. ಆ ಚೌಕಗಳು ಶಾಲೆಗೆ, ಬಡಾವಣೆಯ ಸಭಾಂಗಣಕ್ಕೆ, ಜೈಲಿಗೂ ಹೋಗುತ್ತವೆ. ಏಣಿ ಹತ್ತಲಾಗದ ಅಜ್ಜಿಯೂ ಮೇಜಿನ ಮುಂದೆ ಕೂತು ತನ್ನ ಚೌಕಕ್ಕೆ ಬಣ್ಣ ತುಂಬಬಹುದು. ಕೊನೆಗೆ ಎಲ್ಲ ಚೌಕಗಳನ್ನೂ ಗೋಡೆಗೆ ಅಂಟಿಸಿ ಜೋಡಿಸಿದಾಗ ನಾಲ್ಕು ಮಹಡಿ ಎತ್ತರದ ಚಿತ್ರವಾಗುತ್ತದೆ.

## ಖಾಲಿ ಅಂಗಡಿಯ ಬೀಗದ ಕೈ

ಪೇಟೆ, ಕಲೆ, ಪ್ರವಾಸ ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದನ್ನು ನೋಡಬೇಕಾದರೆ ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ಗೆ ಹೋಗಬೇಕು. 1989ರಲ್ಲಿ ಅಲ್ಲಿ ಭೂಕಂಪವಾಗಿ 13 ಜನ ಸತ್ತರು. 1999ರಲ್ಲಿ ಊರನ್ನು ಸಾಕುತ್ತಿದ್ದ ಉಕ್ಕಿನ ಕಾರ್ಖಾನೆ ಮುಚ್ಚಿತು. ಪೇಟೆಯ ಮುಖ್ಯ ಬೀದಿಗಳಲ್ಲಿ ಅಂಗಡಿ ಮೇಲೆ ಅಂಗಡಿ ಖಾಲಿಯಾಯಿತು.

ಅದೇ ಊರಿನಲ್ಲಿ ಬೆಳೆದ ಮಾರ್ಕಸ್ ವೆಸ್ಟ್‌ಬರಿ 2008ರಲ್ಲಿ ‘ರಿನ್ಯೂ ನ್ಯೂಕ್ಯಾಸಲ್’ ಎಂಬ ಸಂಸ್ಥೆ ಶುರುಮಾಡಿದರು. ಒಂದು ಕಡೆ ಖಾಲಿ ಅಂಗಡಿಗಳು, ಇನ್ನೊಂದು ಕಡೆ ಜಾಗವಿಲ್ಲದ ಚಿತ್ರಕಾರರು, ಒಡವೆ ಮಾಡುವವರು, ಬಟ್ಟೆ ಹೊಲಿಯುವವರು. ಎರಡನ್ನೂ ಸೇರಿಸಿದರಾಯಿತು ಅಲ್ವಾ? ಅಷ್ಟು ಸುಲಭ ಇರಲಿಲ್ಲ. ಮಾಲೀಕರಿಗೆ ಭಯ. ಬಾಡಿಗೆಗೆ ಕೊಟ್ಟರೆ ಆಮೇಲೆ ಬಿಡುತ್ತಾರಾ? ಒಳಗೆ ಯಾರಾದರೂ ಬಿದ್ದು ಪೆಟ್ಟಾದರೆ ಹೊಣೆ ಯಾರು? ನಾಳೆ ದೊಡ್ಡ ಬಾಡಿಗೆದಾರ ಬಂದರೆ?

ಸಂಸ್ಥೆಯ ಜಾಣತನ ಇದ್ದದ್ದು ಇಲ್ಲಿ. ಬಾಡಿಗೆ ಕರಾರನ್ನು ಬಿಟ್ಟು, ಬರೀ 30 ದಿನಗಳ ಬಳಕೆಯ ಪರವಾನಗಿ ಮಾಡಿಸಿದರು. ಬೇರೆ ಯಾರೂ ಬರದಿದ್ದರೆ ಅದು ಮತ್ತೆ 30 ದಿನ ಮುಂದುವರಿಯುತ್ತಿತ್ತು. ಮಾಲೀಕರಿಗೆ ಜಾಗ ಬೇಕೆಂದರೆ ತಿಂಗಳೊಳಗೆ ಖಾಲಿ. ವಿಮೆಯನ್ನು ಸಂಸ್ಥೆಯೇ ನೋಡಿಕೊಂಡಿತು. ಕಲಾವಿದರು ಗುಡಿಸಿ, ಬಣ್ಣ ಬಳಿದು, ದೀಪ ಹಾಕಿ ಕೂತರು. ಕಟ್ಟಡ ಕಾಯುವ ಖರ್ಚು ಮಾಲೀಕರಿಗೆ ಉಳಿಯಿತು. ಕಿಟಕಿಯಲ್ಲಿ ಬೆಳಕು ಕಂಡು ಜನ ಒಳಗೆ ಬಂದರು. ಎಷ್ಟೋ ಪ್ರಯೋಗಗಳು ಕೆಲವೇ ತಿಂಗಳಿಗೆ ನಿಂತವು. ಕೆಲವರು ಚೆನ್ನಾಗಿ ನಡೆದು ಪೂರ್ತಿ ಬಾಡಿಗೆ ಕೊಡುವ ಅಂಗಡಿಗಳಾದರು. 2011ರಲ್ಲಿ ಹೋಗಬೇಕಾದ ಹತ್ತು ನಗರಗಳ ಪಟ್ಟಿಯಲ್ಲಿ ಪ್ರವಾಸಿ ಕೈಪಿಡಿಗಳ ಪ್ರಕಾಶನ ಸಂಸ್ಥೆ ಲೋನ್ಲಿ ಪ್ಲಾನೆಟ್ ನ್ಯೂಕ್ಯಾಸಲ್ ಹೆಸರು ಹಾಕಿತು.

ಈ ಕೆಲಸದಲ್ಲಿ ಹೊಸ ಕಟ್ಟಡ ಒಂದೂ ಇಲ್ಲ. ಕಾಗದಪತ್ರ ಮತ್ತು ನಂಬಿಕೆ, ಎರಡೇ ಬಂಡವಾಳ. ನನಗಂತೂ ಇಡೀ ವಿಷಯದಲ್ಲಿ ಬಹಳ ಇಷ್ಟವಾಗುವ ಉದಾಹರಣೆ ಇದು.

## ಪೇಟೆ ಗೆದ್ದ ಮೇಲೆ ಬರುವ ತೊಂದರೆ

ಜನ ಬಂದರೆ ಬಾಡಿಗೆ ಏರುತ್ತದೆ. ನ್ಯೂಯಾರ್ಕಿನ ಸೋಹೊದಲ್ಲಿ ಕಾರ್ಖಾನೆಗಳು ಬಿಟ್ಟುಹೋದ ದೊಡ್ಡ ಕೋಣೆಗಳಲ್ಲಿ ಕಲಾವಿದರು ಬಿಡಾರ ಹೂಡಿದರು. 1971ರಲ್ಲಿ ನಗರ ಅದಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಕಲಾವಿದರ ಹಿಂದೆ ಗ್ಯಾಲರಿಗಳು ಬಂದವು, ಅವುಗಳ ಹಿಂದೆ ದುಬಾರಿ ಬ್ರ್ಯಾಂಡುಗಳು. ಕೊನೆಗೆ ಆ ಬಾಡಿಗೆ ಕಟ್ಟಲಾಗದೆ ಬಹಳಷ್ಟು ಕಲಾವಿದರೇ ಹೊರಟರು. ಇದಕ್ಕೆ ಒಂದು ಉಪಾಯ ಜಾಗದ ಒಡೆತನವನ್ನೇ ಸಂಸ್ಥೆ ಹಿಡಿದುಕೊಳ್ಳುವುದು. ಮಿನಿಯಾಪೊಲಿಸ್‌ನಲ್ಲಿ 1979ರಲ್ಲಿ ಹುಟ್ಟಿದ ಆರ್ಟ್‌ಸ್ಪೇಸ್ ಎಂಬ ಲಾಭರಹಿತ ಸಂಸ್ಥೆ ಹಳೆಯ ಕಟ್ಟಡಗಳನ್ನು ಕಲಾವಿದರ ಮನೆಗಳಾಗಿ ಮಾಡಿ, ಬಾಡಿಗೆ ಕೈಗೆಟಕುವಂತೆ ಇಡುತ್ತದೆ.

ಪ್ರವಾಸದ್ದೂ ಹಾಗೇ. ಬಾರ್ಸಿಲೋನಾ 2017ರಲ್ಲಿ ನಗರದ ನಡುಭಾಗದಲ್ಲಿ ಹೊಸ ಹೋಟೆಲ್‌ಗಳಿಗೆ ತಡೆ ಹಾಕಿತು. ವೆನಿಸ್ 2024ರಲ್ಲಿ, ಜನದಟ್ಟಣೆಯ ಕೆಲವು ದಿನಗಳಲ್ಲಿ ಬಂದು ಅದೇ ದಿನ ಹೋಗುವವರಿಗೆ 5 ಯೂರೊ ಪ್ರವೇಶ ಶುಲ್ಕ ಹಾಕಿತು. ಬನ್ನಿ ಅಂತ ಕರೆಯಲು ಹುಟ್ಟಿದ ಮಂಡಳಿಗಳು ಈಗ ಎಷ್ಟು ಜನ, ಯಾವಾಗ, ಎಲ್ಲಿಗೆ ಎಂದು ಯೋಚಿಸಬೇಕಾಗಿದೆ.

ಇನ್ನೊಂದು ಪ್ರಶ್ನೆ ಅಧಿಕಾರದ್ದು. ದುಡ್ಡು ಕೊಡುವವರೇ ಸಂಘ ನಡೆಸಿದರೆ, ದುಡ್ಡು ಕೊಡದೆಯೂ ಬೀದಿಯನ್ನೇ ನಂಬಿರುವವರ ಮಾತು ಕೇಳುವವರು ಯಾರು? ಅಲ್ಲೇ ವಾಸವಿರುವ ಬಾಡಿಗೆದಾರರು, ಬೀದಿ ವ್ಯಾಪಾರಿಗಳು, ಮನೆಯಿಲ್ಲದವರು. ಸ್ವಚ್ಛ, ಸುರಕ್ಷಿತ ಎಂಬ ಹೆಸರಿನಲ್ಲಿ ಇವರನ್ನು ದೂರ ಸರಿಸುತ್ತಾರೆ ಎಂಬ ಆಕ್ಷೇಪ ಹಲವು ದೇಶಗಳಲ್ಲಿದೆ. ನಿಮ್ಮ ಊರಿನಲ್ಲಿ ಇಂಥ ಸಂಸ್ಥೆ ಬಂದರೆ ಅದರ ಆಡಳಿತ ಮಂಡಳಿಯಲ್ಲಿ ಯಾರ್‍ಯಾರು ಕೂತಿದ್ದಾರೆ ಅಂತ ಮೊದಲು ನೋಡಿ.

## ಕೆಲಸ ಆಗುತ್ತಿದೆ ಅಂತ ತಿಳಿಯುವುದು ಹೇಗೆ?

ಉತ್ಸವ ಮುಗಿದ ಮೇಲೆ ‘ಇಷ್ಟು ಕೋಟಿ ವಹಿವಾಟು’ ಎಂಬ ಲೆಕ್ಕ ಬರುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಊರವರೇ ಬಂದು ಖರ್ಚು ಮಾಡಿದ್ದರೆ, ಆ ದುಡ್ಡು ಆ ವಾರ ಊರಿನ ಇನ್ನೊಂದು ಕಡೆ ಖರ್ಚಾಗುತ್ತಿದ್ದಿರಬಹುದು. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದಂತೆ. ಹೊರಗಿನಿಂದ ಬಂದವರ ಖರ್ಚು ಎಷ್ಟು, ಅದರಲ್ಲಿ ಊರಲ್ಲೇ ಉಳಿದದ್ದು ಎಷ್ಟು ಎಂಬುದೇ ನಿಜವಾದ ಲೆಕ್ಕ.

ಇದಕ್ಕಿಂತ ನಂಬಬಹುದಾದ ಅಳತೆಗಳು ಸರಳವಾಗಿವೆ. ಖಾಲಿ ಅಂಗಡಿಗಳು ಎಷ್ಟು? ಹೊಸ ಅಂಗಡಿ ಮೂರು ವರ್ಷ ಉಳಿಯಿತಾ? ರಾತ್ರಿ ಎಂಟಕ್ಕೆ ಬೀದಿಯಲ್ಲಿ ಎಷ್ಟು ಜನ? ಕೋಪನ್‌ಹೇಗನ್ 1962ರಲ್ಲಿ ತನ್ನ ಮುಖ್ಯ ಬೀದಿ ಸ್ಟ್ರೋಯೆಟ್‌ಗೆ ಕಾರು ಬರದಂತೆ ಮಾಡಿದಾಗ, ವ್ಯಾಪಾರ ಹಾಳಾಗುತ್ತದೆ ಅಂತ ಅಂಗಡಿಯವರು ಹೆದರಿದ್ದರು. ವಾಸ್ತುಶಿಲ್ಪಿ ಯಾನ್ ಗೇಲ್ 1960ರ ದಶಕದಿಂದಲೇ ಅಲ್ಲಿ ನಿಂತು ಕೈಯಲ್ಲೇ ಲೆಕ್ಕ ಹಾಕತೊಡಗಿದರು. ಎಷ್ಟು ಜನ ನಡೆದು ಹೋದರು, ಎಷ್ಟು ಜನ ನಿಂತರು, ಎಷ್ಟು ಜನ ಕೂತರು. ಬೇಸಿಗೆಯಲ್ಲಿ ಎಷ್ಟು, ಚಳಿಗಾಲದಲ್ಲಿ ಎಷ್ಟು. ಅದೇ ಎಣಿಕೆಯನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಮಾಡಿದರು. ಆ ಅಂಕಿಗಳನ್ನು ಹಿಡಿದುಕೊಂಡೇ ನಗರ ಮುಂದೆ ಒಂದೊಂದಾಗಿ ಇನ್ನಷ್ಟು ಬೀದಿ, ಚೌಕಗಳನ್ನು ನಡೆಯುವವರಿಗೆ ಬಿಟ್ಟುಕೊಟ್ಟಿತು. ಒಂದು ಕಾಗದ, ಒಂದು ಪೆನ್ನು, ಬೀದಿಯ ಮೂಲೆಯಲ್ಲಿ ನಿಲ್ಲಲು ಹತ್ತು ನಿಮಿಷ ಇದ್ದರೆ ಈ ಎಣಿಕೆಯನ್ನು ಯಾರು ಬೇಕಾದರೂ ಮಾಡಬಹುದು.